ಮರದ ಹುಡಿಯಲ್ಲಿಟ್ಟ ಭರಣಿ

“ಮದರ್, ಹೊರಗಿನ ಕೆಟ್ಟದ್ದೊಂದೂ ತಾಗದಂತೆ ಕಾಪಾಡಿದ ಮಗು ಕೆಡುವುದು ಹೇಗೆ?” ಎಂದು ಸಿಸ್ಟರ್ ಬೆನಿಗ್ನಾ ಕೇಳಿದರು.

ಮದರ್ ಸೆವೆರಿನ್ ಆ ಕನ್ಯಾಮಠದ ಹಿರಿಯರು. ಸಿಸ್ಟರ್ ಬೆನಿಗ್ನಾ ಅವರ ಕೈಕೆಳಗೆ ಮಠದ ಪಾಠಗಳನ್ನು ಕಲಿತವರು. ಈಗ ಮಠಕ್ಕೆ ಸೇರಿದ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಅವರು ಒಂದು ಕಾಗದ ತಂದಿದ್ದರು. ಹತ್ತನೇ ತರಗತಿಯ ಸುಗಂಧಿ ಎಂಬ ಹುಡುಗಿಯನ್ನು ಶನಿವಾರ ಮನೆಗೆ ಕಳುಹಿಸಲಾಗುವುದು ಎಂದು ಅದರಲ್ಲಿ ಬರೆದಿತ್ತು. ಮದರ್ ಸಹಿ ಹಾಕುವುದೊಂದೇ ಬಾಕಿ.

“ಏನು ಮಾಡಿದಳು?” ಎಂದು ಮದರ್ ಕೇಳಿದರು.

“ಓದುವ ಕೋಣೆಯಲ್ಲಿ ಶಾಯಿಯ ಬಾಟಲಿಯನ್ನು ಗೋಡೆಗೆ ಎಸೆದಳು. ಹೋದ ತಿಂಗಳು ಎರಡು ದಿನ ಊಟ ಬಿಟ್ಟಿದ್ದಳು.”

“ಏಕೆ ಎಸೆದಳು?”

“ಅದನ್ನು ಕೇಳುವುದು ನನ್ನ ಪದ್ಧತಿಯಲ್ಲ, ಮದರ್. ಕಾರಣ ಕೇಳಿದರೆ ಕಾರಣ ಹುಟ್ಟುತ್ತದೆ.”

“ಮನೆಗೆ ಹೋದರೆ?”

“ಓದು ಅಲ್ಲಿಗೆ ನಿಂತಿತು. ಪರೀಕ್ಷೆಗೆ ಕಳುಹಿಸುವ ಜನ ಅಲ್ಲ ಅವರು. ಬೀಡಿ ಕಟ್ಟಲು ಕೂರಿಸುತ್ತಾರೆ. ನನಗೇನೂ ಸಂತೋಷವಿಲ್ಲ. ಆದರೆ ಉಳಿದ ಐವತ್ತು ಮಕ್ಕಳನ್ನು ನಾನು ನೋಡಬೇಡವೇ?”

ಮದರ್ ಕಾಗದವನ್ನು ಓದಿದರು. ಸಿಸ್ಟರ್ ಬೆನಿಗ್ನಾ ತಡೆಯಲಾರದೆ ಮುಂದುವರಿಸಿದರು.

“ನನಗೆ ಅರ್ಥವಾಗದಿರುವುದು ಒಂದೇ. ಈ ಹಾಸ್ಟೆಲಿನಲ್ಲಿ ರೇಡಿಯೋ ಇಲ್ಲ. ಬಂದ ಪತ್ರಗಳನ್ನೆಲ್ಲ ನಾನೇ ಮೊದಲು ಓದುತ್ತೇನೆ. ಮನೆಯವರು ಬಂದರೆ ಹತ್ತು ನಿಮಿಷ, ಅದೂ ನನ್ನ ಎದುರಿಗೆ. ರಸ್ತೆಯ ಕಡೆಯ ಕಿಟಕಿಗಳಿಗೆ ಅರ್ಧದವರೆಗೆ ಬಣ್ಣ ಬಳಿಸಿದ್ದೇನೆ. ಎದ್ದದ್ದು, ಓದಿದ್ದು, ಪ್ರಾರ್ಥನೆ, ಊಟ, ಮಲಗಿದ್ದು, ಒಂದನ್ನೂ ಬಿಡದೆ ಪುಸ್ತಕದಲ್ಲಿ ಬರೆದಿಡುತ್ತೇನೆ. ಆ ಪುಸ್ತಕದಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ. ಹಾಗಿದ್ದರೆ ಈ ಕೇಡು ಯಾವ ಬಾಗಿಲಿನಿಂದ ಒಳಗೆ ಬಂತು?”

“ಕೂತುಕೋ. ಒಂದು ಕತೆ ಹೇಳುತ್ತೇನೆ. ಸಹಿ ಆಮೇಲೆ” ಎಂದು ಮದರ್ ಹೇಳಿದರು.

ಸಿಸ್ಟರ್ ಬೆನಿಗ್ನಾ ಕೂತರು. ಮದರ್ ಸೆವೆರಿನ್ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಅವಳು ಪ್ರತಿ ವರ್ಷ ಕ್ರಿಸ್ಮಸಿಗೆ ಮನೆಯಲ್ಲಿಯೇ ವೈನ್ ಮಾಡುತ್ತಿದ್ದಳು. ಕಪ್ಪು ದ್ರಾಕ್ಷಿಯನ್ನು ತೊಳೆದು, ಒರೆಸಿ, ಕಿವುಚುವಳು. ಸಕ್ಕರೆ, ಒಂದು ಹಿಡಿ ಗೋಧಿ, ಒಂದು ಚಮಚ ಯೀಸ್ಟ್ ಬೆರೆಸಿ ಭರಣಿಗೆ ತುಂಬುವಳು. ಬಾಯಿಗೆ ಬಟ್ಟೆ ಕಟ್ಟುವಳು. ಇಪ್ಪತ್ತೊಂದು ದಿನ ಹುದುಗಲು ಬಿಟ್ಟು ಸೋಸುವಳು. ಹದಿನೈದು ವರ್ಷಗಳಲ್ಲಿ ಅವಳ ವೈನ್ ಒಮ್ಮೆಯೂ ಕೆಟ್ಟಿರಲಿಲ್ಲ. ಅದು ತನ್ನ ಅಚ್ಚುಕಟ್ಟಿನ ಫಲ ಎಂದು ಅವಳು ತಿಳಿದಿದ್ದಳು. ಡಿಸೆಂಬರಿನ ತಂಪಿಗೂ ಅದರಲ್ಲಿ ಪಾಲಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳ ಮಗಳಿಗೆ ಮದುವೆ ಗೊತ್ತಾಯಿತು. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಮದುವೆ ಮಾಡುವಂತಿಲ್ಲ. ಈಸ್ಟರ್ ಕಳೆದ ಮೇಲಿನ ಒಂದು ದಿನ ನಿಶ್ಚಯವಾಯಿತು. ಅದಕ್ಕೆ ಸರಿಯಾಗಿ ಐವತ್ತು ದಿನಗಳಿದ್ದವು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಮದುವೆಯ ಊಟಕ್ಕೆ ಮುಂಚೆ ಗಂಡಿನ ಕಡೆಯ ಹಿರಿಯರು ಎತ್ತುವ ಮೊದಲ ಗ್ಲಾಸಿನಲ್ಲಿ ಹೆಣ್ಣಿನ ತಾಯಿ ತನ್ನ ಕೈಯಾರೆ ಮಾಡಿದ ವೈನ್ ಇರಬೇಕು. ಅದೂ ಮದುವೆ ನಿಶ್ಚಯವಾದ ಮೇಲೆ ಕಿವುಚಿದ ದ್ರಾಕ್ಷಿಯದೇ ಆಗಬೇಕು. ಅಂಗಡಿಯದನ್ನು ಇಟ್ಟರೆ ಅವರು ಗ್ಲಾಸು ಎತ್ತುತ್ತಾರೆ, ತುಟಿಗೆ ತಾಗಿಸುತ್ತಾರೆ, ಹಾಗೆಯೇ ಕೆಳಗಿಡುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ಆದರೆ ಮುಂದೆ ಹುಡುಗಿ ಆ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚು ಹಾಕಿದ ದಿನವೆಲ್ಲ ಆ ಗ್ಲಾಸಿನ ಮಾತು ಬರುತ್ತದೆ.

ಹೆಂಗಸು ಹೆದರಲಿಲ್ಲ. ಓದಿದವಳು, ಪುಸ್ತಕ ತೆಗೆದು ನೋಡಿದಳು. ಹುದುಗುವಾಗ ಬಿಸಿ ಇಪ್ಪತ್ತೆಂಟು ಡಿಗ್ರಿ ಮೀರಬಾರದು, ಮೀರಿದರೆ ವೈನ್ ಕೆಡುತ್ತದೆ ಎಂದು ಅದರಲ್ಲಿತ್ತು. ಹೊರಗೆ ಮಾರ್ಚಿನ ಸೆಕೆ. ಅವಳು ಒಂದು ಥರ್ಮಾಮೀಟರ್ ಕೊಂಡು ತಂದಳು. ಮನೆಯ ಉತ್ತರದ ಕೋಣೆಯನ್ನು ಖಾಲಿ ಮಾಡಿಸಿದಳು. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿಸಿ ದಿನಕ್ಕೆ ನಾಲ್ಕು ಸಲ ನೀರು ಹೊಡೆದಳು. ಥರ್ಮಾಮೀಟರನ್ನು ಗೋಡೆಗೆ, ತನ್ನ ಕಣ್ಣಿನ ಎತ್ತರಕ್ಕೆ, ಮೊಳೆ ಹೊಡೆದು ತೂಗುಹಾಕಿದಳು. ಅದು ಇಪ್ಪತ್ತೇಳು ತೋರಿಸಿತು.

ಅಷ್ಟಕ್ಕೆ ಅವಳಿಗೆ ಸಮಾಧಾನವಾಗಲಿಲ್ಲ. ಆ ಊರು ಸಮುದ್ರದ ದಡದ್ದು. ಮೀನಿನ ಬಂದರಿನಲ್ಲಿ ಐಸನ್ನು ಮರದ ಹುಡಿಯಲ್ಲಿ ಹೂತಿಡುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಗರಗಸದ ಮಿಲ್ಲಿನ ಆ ಹುಡಿಯನ್ನು ನಾಲ್ಕು ಬೆರಳು ದಪ್ಪ ಹಾಕಿದರೆ ನಡುಬಿಸಿಲೂ ಒಳಗೆ ಇಳಿಯುವುದಿಲ್ಲ. ಐಸಿಗೆ ಒಳ್ಳೆಯದಾದದ್ದು ವೈನಿಗೂ ಒಳ್ಳೆಯದು ಎಂದು ಅವಳು ಲೆಕ್ಕ ಹಾಕಿದಳು. ಐಸ್ ಮಾರುವವನಿಗೆ ಹೇಳಿಕಳುಹಿಸಿ ಎರಡು ಗೋಣಿ ಹುಡಿ ತರಿಸಿದಳು. ಮರದ ಪೆಟ್ಟಿಗೆಯಲ್ಲಿ ಭರಣಿಯನ್ನಿಟ್ಟು ಸುತ್ತಲೂ ಹುಡಿ ತುಂಬಿ ಅದುಮಿದಳು. ಭರಣಿಯ ಕತ್ತು ಮಾತ್ರ ಹೊರಗೆ ಕಾಣುತ್ತಿತ್ತು.

ಅವಳ ಅತ್ತೆ ಇದ್ದ ಕಾಲದಲ್ಲಿ ದಿನಕ್ಕೊಮ್ಮೆ ಬಟ್ಟೆ ಬಿಚ್ಚಿ ಮರದ ಸೌಟಿನಿಂದ ಕಲಕುತ್ತಿದ್ದರು. ಇವಳು ಈ ಸಲ ಅದನ್ನು ನಿಲ್ಲಿಸಿದಳು. ಬಟ್ಟೆ ಬಿಚ್ಚಿದರೆ ಸೆಕೆ ಒಳಗೆ ಹೋಗುತ್ತದಲ್ಲ!

“ಸರಿಯಾಗಿಯೇ ಮಾಡಿದ್ದಾಳೆ” ಎಂದರು ಸಿಸ್ಟರ್ ಬೆನಿಗ್ನಾ.

“ಎಲ್ಲವನ್ನೂ ಸರಿಯಾಗಿಯೇ ಮಾಡಿದಳು” ಎಂದು ಮದರ್ ಒಪ್ಪಿದರು.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅವಳು ಕೋಣೆಗೆ ಹೋಗಿ ಗೋಡೆಯನ್ನು ನೋಡುವಳು. ಇಪ್ಪತ್ತೇಳು. ಇಪ್ಪತ್ತೇಳು. ಒಮ್ಮೆ ಇಪ್ಪತ್ತಾರು. ಪುಸ್ತಕದಲ್ಲಿ ಬರೆಯುವಳು, ಬಾಗಿಲು ಎಳೆದುಕೊಳ್ಳುವಳು. ಎರಡನೆಯ ದಿನ ಭರಣಿಯಿಂದ ದೊಡ್ಡ ಸದ್ದು ಬಂತು. ಒಳ್ಳೆಯ ಹುದುಗು ಎಂದುಕೊಂಡಳು. ನಾಲ್ಕನೆಯ ದಿನ ಸದ್ದು ಒಮ್ಮೆಲೇ ನಿಂತಿತು. ಎಂಟನೆಯ ದಿನ ವಾಸನೆ ಬಾಗಿಲಿನ ಸಂದಿಯಿಂದ ಹೊರಗೆ ಬಂತು. ಬಿಚ್ಚಿ ನೋಡಿದರೆ ರಸ ಕೆಟ್ಟಿತ್ತು. ತೆಂಗಿನ ಬುಡಕ್ಕೆ ಸುರಿದಳು.

“ಯೀಸ್ಟ್ ಹಳೆಯದಿರಬೇಕು” ಎಂದರು ಸಿಸ್ಟರ್ ಬೆನಿಗ್ನಾ.

“ಅವಳೂ ಹಾಗೆಯೇ ಅಂದುಕೊಂಡಳು. ಹೊಸ ಪೊಟ್ಟಣ ತಂದಳು.”

“ಭರಣಿಯಲ್ಲಿ ನೀರಿನ ಪಸೆ ಉಳಿದಿತ್ತೋ ಏನೋ?”

“ಕುದಿವ ನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಇಟ್ಟಳು.”

ಹನ್ನೊಂದನೆಯ ದಿನ ಎರಡನೆಯ ಭರಣಿ ತುಂಬಿಸಿದಳು. ಈ ಸಲ ಹುಡಿಯನ್ನು ನಾಲ್ಕು ಬೆರಳಿನ ಬದಲು ಒಂದು ಗೇಣು ದಪ್ಪ ಹಾಕಿದಳು. ಮತ್ತೊಂದು ಗೋಣಿ ತರಿಸಬೇಕಾಯಿತು. ಗೋಡೆ ಇಪ್ಪತ್ತಾರು ತೋರಿಸಿತು. ಭರಣಿ ಮೊದಲಿನದಕ್ಕಿಂತ ಬೇಗ ಸದ್ದು ಮಾಡಿತು, ಮೊದಲಿನದಕ್ಕಿಂತ ಬೇಗ ಸುಮ್ಮನಾಯಿತು, ಮೊದಲಿನದಕ್ಕಿಂತ ಬೇಗ ನಾರಿತು.

“ಹಾಗಾದರೆ ಯಾರೋ ಕೋಣೆಯ ಬಾಗಿಲು ತೆರೆದಿಟ್ಟಿದ್ದಾರೆ” ಎಂದರು ಸಿಸ್ಟರ್ ಬೆನಿಗ್ನಾ. ಅವರು ಕುರ್ಚಿಯ ತುದಿಗೆ ಬಂದಿದ್ದರು.

“ಅವಳಿಗೂ ಅದೇ ಸಂಶಯ ಬಂತು. ಮಗಳನ್ನು ಕರೆದು ವಿಚಾರಿಸಿದಳು.”

ಮಗಳು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ತಾಯಿ ನಂಬಲಿಲ್ಲ. ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಅಮ್ಮ, ಮದುವೆ ನನಗೋ, ಆ ಭರಣಿಗೋ?” ಎಂದು ಮಗಳು ಕೇಳಿದಳು. ತಾಯಿ ನಗಲಿಲ್ಲ.

ಇಪ್ಪತ್ತೊಂದನೆಯ ದಿನ ಮೂರನೆಯ ಭರಣಿ ತುಂಬಿತು. ಇನ್ನು ಉಳಿದದ್ದು ಇಪ್ಪತ್ತೊಂಬತ್ತು ದಿನ. ಹುದುಗಲು ಇಪ್ಪತ್ತೊಂದು, ಸೋಸಿದ ಮೇಲೆ ತಿಳಿಯಾಗಲು ಕೆಲವು ದಿನ. ಇದು ಕೆಟ್ಟರೆ ನಾಲ್ಕನೆಯದಕ್ಕೆ ಕಾಲವಿಲ್ಲ. ಅವಳು ಹುಡಿಯ ಮೇಲೆ ಎರಡು ಕೌದಿಗಳನ್ನೂ ಹೊದಿಸಿದಳು.

ಇಪ್ಪತ್ತನಾಲ್ಕನೆಯ ದಿನ ಐಸ್ ಮಾರುವವನು ಇನ್ನೊಂದು ಗೋಣಿ ಹುಡಿಯನ್ನು ಹೆಗಲ ಮೇಲೆ ಹೊತ್ತು ಬಂದನು. ಗೋಣಿ ಭಾರವಿದ್ದುದರಿಂದ ಅವಳು ಬೀಗ ತೆಗೆದು ಅವನನ್ನು ಕೋಣೆಯೊಳಗೆ ಬಿಡಬೇಕಾಯಿತು.

ಅವನು ಪೆಟ್ಟಿಗೆಯನ್ನು ನೋಡಿ ನಿಂತುಬಿಟ್ಟನು. “ಇದೆಂಥದು ಬಾಯಮ್ಮ? ನಾನು ಎರಡು ಟನ್ ಐಸಿಗೆ ಇಷ್ಟು ಹುಡಿ ಹಾಕುವುದಿಲ್ಲ ಮಾರಾಯ್ರೆ. ಒಳಗೆ ಯಾರನ್ನು ಹೂತಿದ್ದೀರಿ?”

“ವೈನಿನ ಭರಣಿ. ತಂಪಾಗಿರಲಿ ಎಂದು ನೀನು ಐಸಿಗೆ ಮಾಡುವ ಹಾಗೆಯೇ ಮಾಡಿದ್ದೇನೆ.”

“ನನ್ನ ಐಸು ಬಾಯಿ ಮುಚ್ಚಿಕೊಂಡು ಬಿದ್ದಿರುತ್ತದೆ. ನಿಮ್ಮದು ಗುಳುಗುಳು ಅನ್ನುತ್ತದಲ್ಲ. ಇದಕ್ಕೂ ಅದಕ್ಕೂ ಒಂದೇ ಮದ್ದಾ?”

ಅವನು ಅಪ್ಪಣೆ ಕೇಳಲಿಲ್ಲ. ಕೌದಿಯನ್ನು ಸರಿಸಿ ಮೊಣಕೈಯವರೆಗೆ ಹುಡಿಯೊಳಗೆ ತೋಳು ಇಳಿಸಿದನು. ಐಸು ಎಲ್ಲಿ ಕರಗುತ್ತಿದೆ ಎಂದು ಅವನು ದಿನವೂ ನೋಡುವುದು ಹಾಗೆಯೇ. ಭರಣಿಗೆ ಬೆರಳು ತಾಗಿದ ಕೂಡಲೆ ಹಿಂದಕ್ಕೆ ಎಳೆದುಕೊಂಡನು.

“ಬಾಯಮ್ಮ, ಇದಕ್ಕೆ ಜ್ವರ ಬಂದಿದೆ.”

“ಸುಮ್ಮನಿರು. ಇಪ್ಪತ್ತಾರು ಇದೆ. ಅಲ್ಲಿ ನೋಡು” ಎಂದು ಅವಳು ಗೋಡೆಯನ್ನು ತೋರಿಸಿದಳು.

ಅವನು ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟನು. “ಹೌದು, ಗೋಡೆಗೆ ಜ್ವರವಿಲ್ಲ” ಎಂದನು. “ಮದುವೆಗೆ ಗೋಡೆಯನ್ನು ಸೋಸಿ ಕೊಡುತ್ತೀರಾದರೆ ಒಳ್ಳೆಯದೇ ಆಯಿತು.”

ಅವಳಿಗೆ ಮೈ ಉರಿಯಿತು. ಐಸ್ ಮಾರುವವನಿಂದ ಪಾಠ ಹೇಳಿಸಿಕೊಳ್ಳುವ ಹೆಂಗಸಲ್ಲ ಅವಳು. ಅವನನ್ನು ಹೊರಗೆ ಕಳುಹಿಸಿ ಬಾಗಿಲು ಹಾಕಿಕೊಂಡಳು. ಆಮೇಲೆ ತೋಳಿನ ಬಟ್ಟೆಯನ್ನು ಮೇಲಕ್ಕೆ ಸರಿಸಿ ತಾನೂ ಕೈ ಇಳಿಸಿದಳು.

ಕಾಯಿಲೆಯ ಮಗುವಿನ ಹಣೆ ಮುಟ್ಟಿದ ಹಾಗಾಯಿತು.

ಥರ್ಮಾಮೀಟರನ್ನು ಗೋಡೆಯಿಂದ ತೆಗೆದಳು. ತಣ್ಣೀರಿನಲ್ಲಿ ತೊಳೆದು, ಭರಣಿಯ ಬಟ್ಟೆ ಬಿಚ್ಚಿ, ರಸದೊಳಗೆ ಇಳಿಬಿಟ್ಟಳು. ಪಾದರಸ ಇಪ್ಪತ್ತೆಂಟನ್ನು ದಾಟಿತು. ಮೂವತ್ತೆರಡನ್ನು ದಾಟಿತು. ಮೂವತ್ತೆಂಟಕ್ಕೆ ಬಂದು ನಿಂತಿತು. ಅವಳು ಅದನ್ನು ತೆಗೆದು ಮತ್ತೆ ಗೋಡೆಗೆ ಹಿಡಿದಳು. ಇಪ್ಪತ್ತಾರಕ್ಕೆ ಇಳಿಯಿತು. ಮತ್ತೆ ತೊಳೆದು ರಸಕ್ಕೆ ಹಾಕಿದಳು. ಮೂವತ್ತೆಂಟು. ಹೀಗೆ ಮೂರು ಸಲ ಮಾಡಿದಳು. ಒಂದೇ ಕೋಣೆ, ಒಂದೇ ಥರ್ಮಾಮೀಟರ್, ನಡುವೆ ಮೂರು ಹೆಜ್ಜೆ.

“ಆ ಬಿಸಿ ಎಲ್ಲಿಂದ ಬಂತು, ಮದರ್?” ಎಂದು ಸಿಸ್ಟರ್ ಬೆನಿಗ್ನಾ ಕೇಳಿದರು. “ಕೋಣೆ ತಂಪಾಗಿತ್ತು. ಬಾಗಿಲಿಗೆ ಬೀಗವಿತ್ತು. ಹುಡಿಯನ್ನು ದಾಟಿ ಬಿಸಿ ಬರುವಂತಿರಲಿಲ್ಲ.”

“ಹೊರಗಿನಿಂದ ಬರಲಿಲ್ಲ. ಹುದುಗುವ ರಸ ತನ್ನ ಬಿಸಿಯನ್ನು ತಾನೇ ಹುಟ್ಟಿಸುತ್ತದೆ. ಅದು ಜೀವಂತವಾಗಿರುವುದರ ಗುರುತು. ಡಿಸೆಂಬರಿನಲ್ಲಿ ಭರಣಿ ಬರಿಯ ನೆಲದ ಮೇಲೆ ಇರುತ್ತಿತ್ತು. ಹುಟ್ಟಿದ ಬಿಸಿ ಹುಟ್ಟಿದ ಹಾಗೆ ಹೊರಗೆ ಹೋಗುತ್ತಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ಈಗ ಹುಡಿ ಹೊರಗಿನ ಸೆಕೆಯನ್ನು ತಡೆಯಿತು, ನಿಜ. ಒಳಗಿನದನ್ನೂ ತಡೆಯಿತು. ಅವಳು ದಪ್ಪ ಹೆಚ್ಚಿಸಿದಷ್ಟೂ ಅದು ಬೇಗ ಕೆಟ್ಟಿತು.”

“ಆಮೇಲೆ ಏನು ಮಾಡಿದಳು?”

“ಮಗಳನ್ನು ಕೂಗಿ ಕರೆದಳು. ಬೇರೆ ಯಾರೂ ಇರಲಿಲ್ಲ.”

ಇಬ್ಬರೂ ಸೇರಿ ಹುಡಿಯನ್ನು ಬಾಚಿ ಹೊರಗೆ ಹಾಕಿದರು. ಭರಣಿಯನ್ನು ಎತ್ತಿ ಅಗಲವಾದ ತಪ್ಪಲೆಯಲ್ಲಿಟ್ಟು ಸುತ್ತಲೂ ಬಾವಿಯ ನೀರು ಸುರಿದರು. ಭರಣಿಯ ಹೊಟ್ಟೆಗೆ ಒದ್ದೆ ಬಟ್ಟೆ ಸುತ್ತಿದರು. ಕಿಟಕಿಯ ತಟ್ಟಿಯನ್ನು ಸರಿಸಿ ಗಾಳಿ ಬಿಟ್ಟರು. ನೀರು ಬೆಚ್ಚಗಾದಾಗಲೆಲ್ಲ ಚೆಲ್ಲಿ ಬೇರೆ ತುಂಬಿದರು. ದಿನವೂ ಬಟ್ಟೆ ಬಿಚ್ಚಿ ಕಲಕಿದರು. ಥರ್ಮಾಮೀಟರನ್ನು ಗೋಡೆಗೆ ಮತ್ತೆ ತೂಗುಹಾಕಲಿಲ್ಲ. ಸಂಜೆಯ ಹೊತ್ತಿಗೆ ಮೂವತ್ತಮೂರು ಆಯಿತು, ಮರುದಿನ ಇಪ್ಪತ್ತೇಳು. ಸೋತಿದ್ದ ರಸಕ್ಕೆ ಹೊಸದಾಗಿ ಒಂದು ಚಿಟಿಕೆ ಯೀಸ್ಟ್ ಹಾಕಿದರು. ಎರಡು ದಿನ ಅದು ಸುಮ್ಮನೆ ಇತ್ತು. ಆ ಎರಡು ದಿನ ತಾಯಿ ಊಟ ಮಾಡಲಿಲ್ಲ. ಮೂರನೆಯ ದಿನ ಮಗಳು ಭರಣಿಗೆ ಕಿವಿ ಇಟ್ಟು, “ಅಮ್ಮ, ಮಾತಾಡುತ್ತಿದೆ” ಎಂದಳು. ಮೆಲ್ಲಗೆ, ಒಂದೊಂದೇ ಗುಳ್ಳೆ ಏಳುತ್ತಿತ್ತು.

“ಮದುವೆಯ ದಿನ ಅವರು ಕುಡಿದರೇ?”

“ಕುಡಿದರು. ಸ್ವಲ್ಪ ಒಗರು ಎಂದು ಗಂಡಿನ ಅಜ್ಜ ಹೇಳಿದ. ಆಮೇಲೆ ಇನ್ನೊಂದು ಗ್ಲಾಸು ಕೇಳಿದ.”

ಸಿಸ್ಟರ್ ಬೆನಿಗ್ನಾ ಬೆನ್ನು ನೆಟ್ಟಗೆ ಮಾಡಿ ಕೂತರು. ತಪ್ಪು ಎಲ್ಲಿದೆ ಎಂದು ಗೊತ್ತಾದ ಮೇಲೆ ಅವರಿಗೆ ಸಹನೆ ಉಳಿಯುತ್ತಿರಲಿಲ್ಲ.

“ಇಷ್ಟಕ್ಕೆ ಎರಡು ಭರಣಿ ದ್ರಾಕ್ಷಿ ಹಾಳು! ಓದಿದವಳು ಎನ್ನುತ್ತೀರಿ. ಗೋಡೆಯನ್ನು ಅಳೆದು ಪುಸ್ತಕ ತುಂಬಿಸಿದಳು, ಮಗಳ ಮೇಲೆ ಸಂಶಯಪಟ್ಟಳು, ಬಾಗಿಲಿಗೆ ಬೀಗ ಹಾಕಿದಳು. ಪಕ್ಕದಲ್ಲೇ ಇದ್ದ ಭರಣಿಯನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಲಿಲ್ಲ. ಮೊದಲನೆಯ ದಿನವೇ ಮಾಡಬೇಕಾದ ಕೆಲಸ. ಅದಕ್ಕೆ ಇಪ್ಪತ್ತನಾಲ್ಕು ದಿನ ಬೇಕೇ, ಮದರ್?”

ಮದರ್ ಸೆವೆರಿನ್ ಸಹಿ ಹಾಕದ ಕಾಗದವನ್ನು ಅವರ ಕಡೆಗೆ ಸರಿಸಿದರು.

“ಬೇಡವಾಗಿತ್ತು. ಸುಗಂಧಿ ನಿನ್ನ ಹಾಸ್ಟೆಲಿಗೆ ಬಂದು ಎಷ್ಟು ವರ್ಷವಾಯಿತು, ಬೆನಿಗ್ನಾ?”